ಸ್ವರಯಂತ್ರಕ್ಕೆ ತಕ್ಕ ತಾಳಯಂತ್ರ

ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ನಮ್ಮ ಹಿರಿಯರು ಕರೆದರು. ತಂದೆತಾಯಿಗಳಲ್ಲಿ ಒಮ್ಮತವಿಲ್ಲದ ಮನೆಯ ಪಾಡು ಹೇಗೋ, ಶ್ರುತಿಲಯಗಳು ಕೂಡದ ಸಂಗೀತದ ಪಾಡೂ ಹಾಗೆಯೇ. ಇಂದು ಈ ಎರಡು ಹೊಣೆಗಳನ್ನೂ ಯಂತ್ರಗಳು ವಹಿಸಿಕೊಳ್ಳಬಲ್ಲವು. ವಿದ್ಯುತ್ತಿನ ಆಂದೋಲನಗಳಿಂದ ಸ್ವರವನ್ನು ಹುಟ್ಟಿಸುವ ಸಿಂಥಸೈಜರ್ ಒಂದು. ಚರ್ಮವಾದ್ಯಗಳ ಪೆಟ್ಟುಗಳನ್ನು ತಾನಾಗಿಯೇ ನುಡಿಸುವ ತಾಳಯಂತ್ರ ಇನ್ನೊಂದು.

ಹೊಸದುರ್ಗ ತಾಲ್ಲೂಕಿನ ಬಾಗೂರಿನಂತಹ ಊರಿನಲ್ಲಿ ನಾಲ್ಕಾರು ಮಂದಿ ವಿದ್ಯಾರ್ಥಿಗಳು ಭಜನೆಗೋ, ನಾಟಕಕ್ಕೋ, ಕಾಲೇಜಿನ ವಾರ್ಷಿಕೋತ್ಸವಕ್ಕೋ ಒಂದು ಸಣ್ಣ ವಾದ್ಯಮೇಳವನ್ನು ಕಟ್ಟಿಕೊಂಡಿರುವರೆಂದು ಭಾವಿಸೋಣ. ಅವರಲ್ಲಿ ಸಿಂಥಸೈಜರ್ ಆಗಲೇ ಇದೆ. ಅದಕ್ಕೆ ಜೊತೆಯಾಗಿ ಎಂತಹ ತಾಳಯಂತ್ರವನ್ನು ಕೊಳ್ಳಬೇಕು? ಕೂಡಿಟ್ಟ ಹಣ ಒಂದೇ ಯಂತ್ರಕ್ಕೆ ಸಾಕಾಗುವಷ್ಟು. ಆಯ್ಕೆ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ. ಯಂತ್ರಕ್ಕೆ ಬಾರದ ತಾಳದ ಹಾಡುಗಳೆಲ್ಲವೂ ಒಂದೊಂದಾಗಿ ಮೇಳದಿಂದ ಹೊರಬೀಳುತ್ತವೆ. ಈ ಎರಡನೆಯ ನಷ್ಟವೇ ದೊಡ್ಡದು.

ಅಂಗಡಿಯಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವ ಮಾತು, ಯಂತ್ರದಲ್ಲಿ ಎಷ್ಟು ನೂರು ಧ್ವನಿಗಳಿವೆ ಎಂಬುದು. ಆದರೆ ಕೇಳಬೇಕಾದ ಪ್ರಶ್ನೆಗಳು ಬೇರೆ ಮೂರು ಇವೆ. ಎರಡು ಯಂತ್ರಗಳೂ ಒಂದೇ ಕಾಲದಲ್ಲಿ ನಡೆಯುತ್ತವೆಯೆ? ನಮ್ಮ ತಾಳಗಳನ್ನು ಎಣಿಸಲು ತಾಳಯಂತ್ರಕ್ಕೆ ಬರುತ್ತದೆಯೆ? ಅದರ ಪೆಟ್ಟುಗಳನ್ನು ಶ್ರುತಿಗೆ ಕೂಡಿಸಲಾಗುತ್ತದೆಯೆ?

ತಾಳಯಂತ್ರದ ಪೂರ್ವಕಥೆ

ಅಮೆರಿಕದ ಸಂಗೀತಗಾರ ಹೆನ್ರಿ ಕೋವೆಲ್ ಮತ್ತು ರಷ್ಯದ ವಿಜ್ಞಾನಿ ಲಿಯೋನ್ ಥೆರೆಮಿನ್ ಅವರು 1931ರಲ್ಲಿ ರಿದ್ಮಿಕಾನ್ ಎಂಬ ಯಂತ್ರವನ್ನು ರಚಿಸಿದರು. ವುರ್ಲಿಟ್ಜರ್ ಸಂಸ್ಥೆಯ ಸೈಡ್ ಮ್ಯಾನ್ ಎಂಬ ಪೆಟ್ಟಿಗೆ 1959ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ತಿರುಗುವ ತಟ್ಟೆಯೊಂದು ವಿದ್ಯುತ್ ಸ್ಪರ್ಶಗಳನ್ನು ಮುಟ್ಟುತ್ತ ಹೋದಂತೆ ಪೆಟ್ಟುಗಳು ಕೇಳಿಸುತ್ತಿದ್ದವು. 1980ರಲ್ಲಿ ಎರಡು ಬೇರೆ ಬೇರೆ ಮಾರ್ಗಗಳು ತೆರೆದವು. ರೋಲೆಂಡ್ ಸಂಸ್ಥೆಯ ಟಿಆರ್-808 ಯಂತ್ರವು ಪ್ರತಿಯೊಂದು ಪೆಟ್ಟನ್ನೂ ವಿದ್ಯುನ್ಮಂಡಲಗಳಲ್ಲಿ ಆಗಿಂದಾಗ ಹುಟ್ಟಿಸುತ್ತಿತ್ತು. ಲಿನ್ ಎಲ್‌ಎಂ-1 ಎಂಬುದು ನಿಜವಾದ ಡ್ರಮ್ಮಿನ ಧ್ವನಿಯನ್ನು ಅಂಕಿಗಳ ರೂಪದಲ್ಲಿ ಸಂಗ್ರಹಿಸಿಟ್ಟು ಬೇಕೆಂದಾಗ ನುಡಿಸುತ್ತಿತ್ತು. ಇಂದಿನ ಯಂತ್ರಗಳಲ್ಲಿ ಬಹುಪಾಲು ಈ ಎರಡು ಮಾರ್ಗಗಳಲ್ಲಿ ಒಂದನ್ನೋ ಎರಡನ್ನೋ ಅನುಸರಿಸುತ್ತವೆ.

ನಮ್ಮ ನಾಡಿಗೂ ಈ ಕಥೆಯಲ್ಲಿ ಒಂದು ಸ್ಥಾನವುಂಟು. ಬೆಂಗಳೂರಿನ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ಅವರು ಸ್ಥಾಪಿಸಿದ ರಾಡೆಲ್ ಸಂಸ್ಥೆಯಿಂದಲೇ ತಾಲ್‌ಮಾಲಾ ಎಂಬ ಎಲೆಕ್ಟ್ರಾನಿಕ್ ತಬಲಾ ಹೊರಬಂದಿತು. ಅದನ್ನು ನುಡಿಸುವವನು ಮುಖ್ಯವಾಗಿ ಮೂರನ್ನು ಗೊತ್ತುಮಾಡಿಕೊಳ್ಳುತ್ತಾನೆ: ತಾಳ ಯಾವುದು, ನಡೆ ಎಷ್ಟು ವೇಗದ್ದು, ಶ್ರುತಿ ಎಷ್ಟು ಎತ್ತರದ್ದು. ಮೇಲೆ ಕೇಳಿದ ಮೂರು ಪ್ರಶ್ನೆಗಳು ಹೊಸವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಾಡುವವರಿಗಾಗಿ ಮಾಡಿದ ಯಂತ್ರದಲ್ಲಿ ಅವು ಗುಂಡಿಗಳ ರೂಪದಲ್ಲಿಯೇ ಕುಳಿತಿವೆ.

ಒಂದೇ ಗಡಿಯಾರ

ಸಿಂಥಸೈಜರ್ ನಿಮಿಷಕ್ಕೆ 120 ಪೆಟ್ಟುಗಳ ವೇಗದಲ್ಲಿಯೂ ತಾಳಯಂತ್ರ 121 ಪೆಟ್ಟುಗಳ ವೇಗದಲ್ಲಿಯೂ ನಡೆಯುತ್ತಿವೆ ಎನ್ನೋಣ. ಒಟ್ಟಿಗೆ ಆರಂಭಿಸಿದರೂ ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಮೊದಲನೆಯದು 60 ಪೆಟ್ಟುಗಳನ್ನೂ ಎರಡನೆಯದು ಅರುವತ್ತೂವರೆ ಪೆಟ್ಟುಗಳನ್ನೂ ಮುಗಿಸಿರುತ್ತವೆ. ಎಂದರೆ ಒಂದರ ಪೆಟ್ಟು ಮತ್ತೊಂದರ ಎರಡು ಪೆಟ್ಟುಗಳ ನಟ್ಟನಡುವೆ ಬೀಳುತ್ತದೆ. ಕಣ್ಣಳತೆಯಿಂದ ಗುಂಡಿ ತಿರುಗಿಸಿ ಎರಡು ಯಂತ್ರಗಳನ್ನು ಕೂಡಿಸುವುದು ಆಗದ ಮಾತು. ಎರಡಕ್ಕೂ ಒಂದೇ ಗಡಿಯಾರವಿರಬೇಕು.

ಇದಕ್ಕಾಗಿ 1983ರಲ್ಲಿ ವಾದ್ಯತಯಾರಕರು ಒಪ್ಪಿ ಜಾರಿಗೆ ತಂದ ಏರ್ಪಾಡು ಮಿಡಿ. ಒಂದು ಯಂತ್ರ ಮುಂದಾಳಾಗಿ ಪ್ರತಿ ಪೆಟ್ಟಿಗೆ 24 ಸೂಕ್ಷ್ಮ ಮಿಡಿತಗಳನ್ನು ತಂತಿಯ ಮೂಲಕ ಕಳುಹಿಸುತ್ತದೆ. ಇನ್ನೊಂದು ಅವನ್ನು ಎಣಿಸುತ್ತ ಹಿಂಬಾಲಿಸುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ವೇಗದಲ್ಲಿ ಸೆಕೆಂಡಿಗೆ 48 ಮಿಡಿತಗಳಾಗುತ್ತವೆ. ಎರಡು ಮಿಡಿತಗಳ ನಡುವಣ ಅಂತರ ಸೆಕೆಂಡಿನ ಸಾವಿರದ ಸುಮಾರು 21 ಭಾಗ. ಮುಂದಾಳು ನಿಧಾನಿಸಿದರೆ ಹಿಂಬಾಲಕನೂ ನಿಧಾನಿಸುತ್ತಾನೆ. ಆದುದರಿಂದ ತಾಳಯಂತ್ರವನ್ನು ಕೊಳ್ಳುವಾಗ ಅದು ಈ ಮಿಡಿತಗಳನ್ನು ಕಳುಹಿಸಬಲ್ಲುದೆ, ಸ್ವೀಕರಿಸಬಲ್ಲುದೆ ಎಂಬ ಎರಡನ್ನೂ ವಿಚಾರಿಸತಕ್ಕದ್ದು. ಮಿಡಿ ಇಲ್ಲದ ಯಂತ್ರಗಳಲ್ಲಿ ಬರಿಯ ವಿದ್ಯುತ್ ಮಿಡಿತಗಳ ಏರ್ಪಾಡು ಇರುವುದುಂಟು. ಅಲ್ಲಿ ಪೆಟ್ಟಿಗೆ ಎಷ್ಟು ಮಿಡಿತವೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುತ್ತದೆ. 48 ಮಿಡಿತಗಳನ್ನು ನಿರೀಕ್ಷಿಸುವ ಯಂತ್ರಕ್ಕೆ 24 ಮಾತ್ರ ಬಂದರೆ ಅದು ಅರ್ಧ ವೇಗದಲ್ಲಿ ಕುಂಟುತ್ತದೆ.

ಮಿಡಿಗಿಂತಲೂ ಮುಂಚೆ, 1982ರಲ್ಲಿ, ಮುಂಬಯಿಯ ವಾದಕ ಚರಣಜಿತ್ ಸಿಂಗ್ ಅವರು ಟಿಆರ್-808 ತಾಳಯಂತ್ರಕ್ಕೆ ಟಿಬಿ-303 ಮತ್ತು ಜುಪಿಟರ್-8 ಎಂಬ ಎರಡು ಸಿಂಥಸೈಜರುಗಳನ್ನು ಜೊತೆಮಾಡಿ ಹತ್ತು ರಾಗಗಳ ಧ್ವನಿಮುದ್ರಿಕೆಯೊಂದನ್ನು ಹೊರತಂದರು. 808 ಮತ್ತು 303 ಒಂದೇ ಮಿಡಿತಕ್ಕೆ ನಡೆಯುವಂತೆ ತಯಾರಕರೇ ಅವುಗಳಿಗೆ ಒಂದೇ ಬಗೆಯ ಕಿಂಡಿಗಳನ್ನು ಇರಿಸಿದ್ದರು. ಆಗ ಹೆಚ್ಚು ಜನರನ್ನು ಮುಟ್ಟದ ಆ ಮುದ್ರಿಕೆ 2010ರಲ್ಲಿ ಮತ್ತೆ ಪ್ರಕಟವಾಗಿ ಲೋಕಪ್ರಸಿದ್ಧವಾಯಿತು. ಅದರಲ್ಲಿ ಗಮನಿಸಬೇಕಾದ ಒಂದಂಶವಿದೆ. ರಾಗಗಳು ಹತ್ತು, ಆದರೆ ತಾಳ ಆದ್ಯಂತವಾಗಿ ನಾಲ್ಕರ ಎಣಿಕೆಯ ಡಿಸ್ಕೋ. ಅದು ಆ ಕಲಾವಿದರು ತಾವಾಗಿ ಆರಿಸಿಕೊಂಡ ದಾರಿ. ನಮ್ಮ ವಿದ್ಯಾರ್ಥಿಗಳಿಗಾದರೋ ಬೇರೆ ಎಣಿಕೆಗಳೂ ಬೇಕು.

ಏಳನ್ನು ಎಣಿಸಬಲ್ಲ ಯಂತ್ರ

ಹೆಚ್ಚಿನ ತಾಳಯಂತ್ರಗಳ ಮುಖದ ಮೇಲೆ 16 ಗುಂಡಿಗಳ ಸಾಲಿರುತ್ತದೆ. ಒಂದೊಂದು ಗುಂಡಿ ಒಂದೊಂದು ಹೆಜ್ಜೆ. ಅಕ್ಷರವೊಂದಕ್ಕೆ ಎರಡು ಹೆಜ್ಜೆಯಂತೆ ಲೆಕ್ಕ ಹಾಕಿದರೆ ಎಂಟಕ್ಷರದ ಆದಿತಾಳ ಆ ಸಾಲಿನಲ್ಲಿ ಸರಿಯಾಗಿ ಕೂರುತ್ತದೆ. ಆದರೆ ಮೂರು ಮತ್ತು ನಾಲ್ಕು ಕೂಡಿ ಏಳಾಗುವ ಮಿಶ್ರ ಛಾಪಿಗೆ 14 ಹೆಜ್ಜೆಗಳು ಬೇಕು. ಐದರ ಖಂಡ ಛಾಪಿಗೆ 10 ಬೇಕು. ಸಾಲನ್ನು ಬೇಕಾದ ಹೆಜ್ಜೆಯಲ್ಲಿ ಮುಗಿಸಿ ಮೊದಲಿಗೆ ಮರಳುವ ಅನುಕೂಲ ಯಂತ್ರದಲ್ಲಿರಬೇಕು. ಇದಿಲ್ಲದಿದ್ದರೆ ಮಿಶ್ರ ಛಾಪಿನ ಹಾಡನ್ನು ಹಾಡುವಂತಿಲ್ಲ, ಇಲ್ಲವೆ ಎರಡು ಹೆಜ್ಜೆ ಎಳೆದು ಎಂಟಕ್ಕೆ ಬಗ್ಗಿಸಬೇಕು. ಏಳು ಮೂಲತಾಳಗಳಿಂದಲೂ ಐದು ಜಾತಿಗಳಿಂದಲೂ 35 ತಾಳಗಳನ್ನು ಲೆಕ್ಕಹಾಕಿದ ಸಂಗೀತಪದ್ಧತಿ ಹದಿನಾರು ಗುಂಡಿಗಳ ಮುಂದೆ ತಲೆಬಾಗಬೇಕೆ?

ಇಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಮಿಡಿಯ ಮಿಡಿತ ತಾಳದ ಉದ್ದವನ್ನು ತಿಳಿಸುವುದಿಲ್ಲ. ವೇಗವನ್ನು ಮಾತ್ರ ತಿಳಿಸುತ್ತದೆ. ತಾಳಯಂತ್ರ 14 ಹೆಜ್ಜೆಗಳಲ್ಲಿಯೂ ಸಿಂಥಸೈಜರಿನ ಸ್ವರಸಾಲು 16 ಹೆಜ್ಜೆಗಳಲ್ಲಿಯೂ ಸುತ್ತುತ್ತಿದ್ದರೆ, ಎರಡರ ವೇಗ ಒಂದೇ ಆದರೂ ಸಮ ಕೂಡುವುದಿಲ್ಲ. ಮತ್ತೆ ಯಾವಾಗ ಕೂಡೀತು? ಲಘುತಮ ಸಾಮಾನ್ಯ ಅಪವರ್ತ್ಯವನ್ನು ಕಲಿತ ವಿದ್ಯಾರ್ಥಿ ಇದನ್ನು ಕೂಡಲೇ ಹೇಳಬಲ್ಲನು: 112 ಹೆಜ್ಜೆಗಳ ಬಳಿಕ, ಆ ಹೊತ್ತಿಗೆ ತಾಳ ಎಂಟು ಆವರ್ತಗಳನ್ನೂ ಸ್ವರಸಾಲು ಏಳು ಆವರ್ತಗಳನ್ನೂ ಮುಗಿಸಿರುತ್ತವೆ. ಬೇಕೆಂದು ಮಾಡಿದರೆ ಇದೊಂದು ಸೊಗಸು. ಬೇಡದಿದ್ದಾಗ ಆದರೆ ಅಭಾಸ. ಆದ್ದರಿಂದ ಮೊಟಕುಗೊಳಿಸುವ ಅನುಕೂಲ ಎರಡು ಯಂತ್ರಗಳಲ್ಲಿಯೂ ಇರಬೇಕು.

ಪೆಟ್ಟಿಗೆ 24 ಮಿಡಿತಗಳೆಂಬ ಸಂಖ್ಯೆಯೂ ಯೋಚಿಸತಕ್ಕದ್ದೇ. 24ನ್ನು ಎರಡು, ಮೂರು, ನಾಲ್ಕು, ಆರು, ಎಂಟರಿಂದ ಭಾಗಿಸಬಹುದು. ಚತುರಶ್ರ ಮತ್ತು ತಿಶ್ರ ಗತಿಗಳಿಗೆ ಅಷ್ಟು ಸಾಕು. ಐದರಿಂದಲೂ ಏಳರಿಂದಲೂ ಅದು ಭಾಗವಾಗುವುದಿಲ್ಲ. ಖಂಡಗತಿ ಬೇಕಾದವರಿಗೆ ಒಂದು ಉಪಾಯವಿದೆ: ಅಕ್ಷರದ ಐದನೆಯ ಒಂದು ಭಾಗವನ್ನೇ ಒಂದು ಹೆಜ್ಜೆಯೆಂದು ತಿಳಿದು, ನಾಲ್ಕು ಅಕ್ಷರಗಳಿಗೆ 20 ಹೆಜ್ಜೆಗಳನ್ನು ಹಾಕಿ, ಯಂತ್ರದ ವೇಗವನ್ನು ಅದಕ್ಕೆ ತಕ್ಕಂತೆ ಏರಿಸುವುದು. 16ಕ್ಕಿಂತ ಹೆಚ್ಚು ಹೆಜ್ಜೆಗಳನ್ನು ಒಪ್ಪುವ ಯಂತ್ರದ ಬೆಲೆ ಇಲ್ಲಿ ತಿಳಿಯುತ್ತದೆ.

ಚರ್ಮಕ್ಕೂ ಶ್ರುತಿ

ತಾಳವಾದ್ಯಕ್ಕೆ ಶ್ರುತಿಯೇಕೆ ಎಂದು ಕೆಲವರು ಕೇಳಬಹುದು. ಬಿಗಿದ ಸಾಮಾನ್ಯ ಚರ್ಮವನ್ನು ಬಡಿದಾಗ ಹುಟ್ಟುವ ಕಂಪನಗಳ ಪ್ರಮಾಣ 1, 1.59, 2.14, 2.30 ಹೀಗೆ ಅಂಕೆಗೆ ಸಿಕ್ಕದೆ ಹೋಗುತ್ತದೆ. ಅದರಿಂದ ನಮಗೆ ಕೇಳುವುದು ಗದ್ದಲವೇ ಹೊರತು ಸ್ಪಷ್ಟವಾದ ಸ್ವರವಲ್ಲ. ಮೃದಂಗದ ಕಪ್ಪು ಕರಣೆಯು ಚರ್ಮದ ನಡುವೆ ಭಾರವನ್ನು ಹೆಚ್ಚಿಸಿ ಈ ಕಂಪನಗಳನ್ನು 1, 2, 3, 4, 5 ಎಂಬ ಪ್ರಮಾಣಕ್ಕೆ ತರುತ್ತದೆ. ಸಿ. ವಿ. ರಾಮನ್ ಅವರು 1920ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಈ ವಿಷಯವನ್ನು ಮತ್ತೆ ವಿಸ್ತಾರವಾಗಿ ಬರೆದರು. ಮೃದಂಗವನ್ನು ಹಾಡುಗಾರರ ಷಡ್ಜಕ್ಕೆ ಕೂಡಿಸಲು ಸಾಧ್ಯವಾಗಿರುವುದು ಈ ಗುಣದಿಂದಲೇ.

ತಾಳಯಂತ್ರದ ದೊಡ್ಡ ಡ್ರಮ್ಮಿನ ಧ್ವನಿಯೂ ಸುಮಾರು 50ರಿಂದ 60 ಕಂಪನಗಳ ಒಂದು ತಗ್ಗಿನ ಸ್ವರವೇ. ಸಿಂಥಸೈಜರಿನ ತಗ್ಗಿನ ಸ್ವರ ಸೆಕೆಂಡಿಗೆ 55 ಕಂಪನಗಳದೂ ಡ್ರಮ್ಮಿನ ಅನುರಣನ 58 ಕಂಪನಗಳದೂ ಆದರೆ ಎರಡರ ತಿಕ್ಕಾಟದಿಂದ ಸೆಕೆಂಡಿಗೆ ಮೂರು ಸಲ ಏರಿಳಿಯುವ ಒಂದು ಅಲುಗಾಟ ಹುಟ್ಟುತ್ತದೆ. ಡ್ರಮ್ಮನ್ನು ಷಡ್ಜಕ್ಕೆ ಕೂಡಿಸಬೇಕು, ಇಲ್ಲವೆ ಅದರ ಅನುರಣನವನ್ನು ಮೊಟಕಾಗಿಸಬೇಕು. ಹಾಡುವವರ ಷಡ್ಜ 130.8 ಆದರೆ ಡ್ರಮ್ಮು ಅದರ ಅರ್ಧವಾದ 65.4ಕ್ಕೆ ಬರಲಿ. ಎತ್ತರವನ್ನೂ ಅನುರಣನವನ್ನೂ ಬದಲಿಸುವ ಗುಂಡಿಗಳಿಲ್ಲದ ಯಂತ್ರ ಸಿಂಥಸೈಜರಿಗೆ ಒಳ್ಳೆಯ ಜೊತೆಯಾಗದು.

ಕೊಳ್ಳುವ ಮುನ್ನ

ಇನ್ನೆರಡು ವ್ಯಾವಹಾರಿಕ ಮಾತುಗಳು. ಹಳ್ಳಿಯ ಉತ್ಸವಗಳಲ್ಲಿ ಕಟ್ಟುವ ಕಹಳೆಯಾಕಾರದ ಧ್ವನಿವರ್ಧಕ 50 ಕಂಪನಗಳ ಧ್ವನಿಯನ್ನು ಹೊರಡಿಸಲಾರದು. ಅಂಗಡಿಯಲ್ಲಿ ಎದೆ ನಡುಗಿಸಿದ ಡ್ರಮ್ಮು ಅಲ್ಲಿ ಕೇಳಿಸದೆಯೇ ಹೋಗಬಹುದು. ಚಪ್ಪಾಳೆ, ತಾಳ, ತಮಟೆಗಳಂತಹ ಎತ್ತರದ ಪೆಟ್ಟುಗಳೇ ಆಗ ಕೈಹಿಡಿಯುತ್ತವೆ. ಎರಡನೆಯದು, ವಿದ್ಯುತ್ ನಿಂತಾಗ ಬ್ಯಾಟರಿಯಿಂದ ನಡೆಯುವ ಯಂತ್ರ ಕಾರ್ಯಕ್ರಮವನ್ನು ಉಳಿಸೀತು. ಅಡಾಪ್ಟರಿನ ಮೊನೆಯ ಒಳಗಡೆ ಧನಧ್ರುವವೋ ಋಣಧ್ರುವವೋ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುವುದರಿಂದ, ಸಿಂಥಸೈಜರಿನದನ್ನು ತೆಗೆದು ತಾಳಯಂತ್ರಕ್ಕೆ ಚುಚ್ಚಬಾರದು.

ಸಾಧ್ಯವಾದರೆ ಸಿಂಥಸೈಜರನ್ನೇ ಅಂಗಡಿಗೆ ಹೊತ್ತೊಯ್ಯುವುದು ಲೇಸು. ಎರಡನ್ನೂ ಒಂದು ತಂತಿಯಿಂದ ಕೂಡಿಸಿ, ಮಿಶ್ರ ಛಾಪಿನ ಹಾಡೊಂದನ್ನು ಐದು ನಿಮಿಷ ನುಡಿಸಿ, ನಡುವೆ ವೇಗವನ್ನು ಬದಲಿಸಿ ನೋಡಿರಿ. ಕೊನೆಯ ಆವರ್ತದಲ್ಲಿಯೂ ಸಮ ಕೂಡಿ, ಡ್ರಮ್ಮು ಷಡ್ಜದೊಡನೆ ಬೆರೆತರೆ ಆ ಯಂತ್ರ ನಿಮ್ಮದು. ಅದರಲ್ಲಿ ಇಪ್ಪತ್ತೇ ಧ್ವನಿಗಳಿದ್ದರೂ ಚಿಂತೆಯಿಲ್ಲ. ಇಪ್ಪತ್ತು ಧ್ವನಿಗಳಿಂದ ಹಾಡಲಾಗದ ಹಾಡನ್ನು ಇನ್ನೂರು ಧ್ವನಿಗಳು ಹಾಡಿಸಲಾರವು.