ಗೃಹದುರಸ್ತಿಯಲ್ಲಿ ಸ್ವಹಸ್ತ ಮತ್ತು ಪರಹಸ್ತ

ಮನೆಯ ದುರಸ್ತಿಯನ್ನಾಗಲಿ ಮಾರ್ಪಾಟನ್ನಾಗಲಿ ಗೃಹಸ್ಥನು ತಾನೇ ಕೈಯಾರೆ ಮಾಡಿಕೊಳ್ಳಬೇಕೆ, ಕೂಲಿ ಕೊಟ್ಟು ಮಾಡಿಸಬೇಕೆ ಎಂಬುದನ್ನು ಸಾಮಾನ್ಯವಾಗಿ ಹಣದ ಪ್ರಶ್ನೆಯೆಂದೇ ಎಣಿಸುತ್ತಾರೆ. ಕೊಚ್ಚಿ, ತಿರುವನಂತಪುರಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಹಾಗೆ ತೋರುವುದು ಸಹಜವೇ. ರಿಸರ್ವ್ ಬ್ಯಾಂಕು ಪ್ರಕಟಿಸಿದ ಅಂಕಿಗಳಂತೆ 2021-22ರಲ್ಲಿ ಗ್ರಾಮಾಂತರದ ಕಟ್ಟಡ ಕೆಲಸಗಾರನ ದಿನಗೂಲಿಯ ಸರಾಸರಿ ಕೇರಳದಲ್ಲಿ ಸುಮಾರು 838 ರೂಪಾಯಿ. ದೇಶದ ಸರಾಸರಿ ಸುಮಾರು 373 ರೂಪಾಯಿ. ಕೂಲಿ ಇಮ್ಮಡಿಗೂ ಮಿಗಿಲಾಗಿರುವ ನಾಡಿನಲ್ಲಿ, ತಾನೇ ಮಾಡಿದರೆ ಎಷ್ಟು ಉಳಿದೀತೆಂಬ ಲೆಕ್ಕವೇ ಮೊದಲು ಮನಸ್ಸಿಗೆ ಬರುತ್ತದೆ. ಆದರೆ ಆ ಲೆಕ್ಕದಲ್ಲಿ ಮುಖ್ಯವಾದ ಒಂದು ಬಾಬು ಬಿಟ್ಟುಹೋಗಿರುತ್ತದೆ. ಕೆಲಸ ಕೆಟ್ಟರೆ ಅದನ್ನು ಸರಿಪಡಿಸಲು ತಗಲುವ ವೆಚ್ಚವೇ ಆ ಬಾಬು. ಕೆಲವು ಕೆಲಸಗಳಲ್ಲಿ ಅದು ಹಣದಿಂದ ತೀರತಕ್ಕದ್ದೂ ಅಲ್ಲ.

ಹಾಗಾದರೆ ಯಾವ ಕೆಲಸ ನಮ್ಮದು, ಯಾವುದು ಕುಶಲಕರ್ಮಿಯದು ಎಂದು ವಿಂಗಡಿಸುವುದೆಂತು? ಇದಕ್ಕೊಂದು ಒಳ್ಳೆಯ ಸೂತ್ರವನ್ನು ಕಾಯಿದೆಯ ಪುಸ್ತಕದಲ್ಲಿಯೇ ಕಾಣಬಹುದು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿ 45ನೆಯ ನಿಯಮವು, ವಿದ್ಯುತ್ ಜೋಡಣೆಯ ಕೆಲಸವನ್ನು ಲೈಸೆನ್ಸು ಪಡೆದ ಗುತ್ತಿಗೆದಾರನೇ ಮಾಡತಕ್ಕದ್ದೆಂದು ವಿಧಿಸಿತು. ಅದರೊಡನೆಯೇ ಒಂದು ವಿನಾಯಿತಿಯನ್ನೂ ಇತ್ತಿತು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮುಂತಾದವನ್ನು, ಜೋಡಣೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಂತೆ, ಗೃಹಸ್ಥನೇ ಬದಲಾಯಿಸಿಕೊಳ್ಳಬಹುದು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ಸುರಕ್ಷತಾ ನಿಯಮಾವಳಿಯಲ್ಲಿಯೂ ಈ ತತ್ತ್ವ ಉಳಿದುಬಂದಿತು. ಗೃಹಸ್ಥನು ಜಾಣನೋ ದಡ್ಡನೋ ಎಂದು ನಿಯಮವು ಕೇಳಲಿಲ್ಲವೆಂಬುದನ್ನು ಓದುಗರು ಲಕ್ಷಿಸಬೇಕು. ಅದು ನೋಡಿದ್ದು ಕೆಲಸದ ಜಾತಿಯನ್ನು.

ಈ ಗೆರೆಯ ಹಿಂದಿರುವ ಯುಕ್ತಿ ಸ್ಪಷ್ಟವಾಗಿದೆ. ಮುಖ್ಯ ಸ್ವಿಚ್ಚನ್ನು ಆರಿಸಿ ಒಂದು ಹಳೆಯ ಸ್ವಿಚ್ಚಿನ ಬದಲು ಹೊಸದನ್ನು ಇಟ್ಟರೆ, ತಪ್ಪು ಸಾಮಾನ್ಯವಾಗಿ ಕೂಡಲೇ ಗೋಚರವಾಗುತ್ತದೆ. ಬಿಚ್ಚಿ ಮತ್ತೆ ಹಾಕಬಹುದು. ದೀಪಕ್ಕೆಂದು ಎಳೆದ ಸಣ್ಣ ತಂತಿಯಿಂದ ಬಿಸಿನೀರಿನ ಯಂತ್ರಕ್ಕೆ ಕವಲು ತೆಗೆದರೆ ಸಂಗತಿ ಬೇರೆ. ಅಂದು ನೀರು ಕಾಯುತ್ತದೆ. ಮನೆಯವರಿಗೆ ಸಂತೋಷವೂ ಆಗುತ್ತದೆ. ಗೋಡೆಯೊಳಗಿನ ತಂತಿಯ ಹೊದಿಕೆ ಮಾತ್ರ ಕಾದು ಕಾದು ಸವೆಯುತ್ತಿರುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಹೀರಿದ ದಿನ 230 ವೋಲ್ಟಿನ ಪ್ರವಾಹವು ಅಪಾಯವನ್ನು ತಂದೊಡ್ಡುತ್ತದೆ. 30 ಮಿಲಿ ಆಂಪೇರಿನ ಸೋರಿಕೆಗೇ ಪ್ರವಾಹವನ್ನು ಕಡಿಯುವ ಉಪಕರಣವನ್ನು ಮನೆಗೆ ಅಳವಡಿಸಿಸುವುದು ಇಂಥ ಅಪಾಯಕ್ಕಾಗಿಯೇ. ಅದನ್ನು ಅಳವಡಿಸುವುದೂ ಲೈಸೆನ್ಸುದಾರನ ಕೆಲಸವೇ. ಒಟ್ಟಿನಲ್ಲಿ, ತಪ್ಪು ಕಣ್ಣಿಗೆ ಕಾಣುವಂತಿದ್ದು ಹಿಂದಿರುಗಿ ತಿದ್ದಬಹುದಾದ ಕೆಲಸ ಸ್ವಹಸ್ತಕ್ಕೆ ತಕ್ಕುದು. ತಪ್ಪು ಅಡಗಿದ್ದು ತಡವಾಗಿ ಹೊರಬರುವ ಕೆಲಸ ಪರಹಸ್ತಕ್ಕೆ ತಕ್ಕುದು.

ಈ ಸೂತ್ರವನ್ನು ಮನೆಯ ಉಳಿದ ಅಂಗಗಳಿಗೂ ಅನ್ವಯಿಸಿ ನೋಡೋಣ. ಮೊದಲು ಮಾಡು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆಯಾದರೆ ತಿರುವನಂತಪುರದಲ್ಲಿ ಸುಮಾರು 1,800, ಕೊಚ್ಚಿಯಲ್ಲಿ ಸುಮಾರು 3,000 ಮಿಲಿಮೀಟರು ಸುರಿಯುತ್ತದೆ. ಈ ಎರಡು ನಗರಗಳ ಹಳೆಯ ಮನೆಗಳ ಮೇಲಿರುವ ಕೆಂಪು ಹಂಚು ನಮಗೆ ಅಪರಿಚಿತವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಉದ್ಯಮದಿಂದ ಮಂಗಳೂರು ಹಂಚೆಂಬ ಹೆಸರೇ ಅದಕ್ಕೆ ನಿಂತಿತು. ಏಣಿಯಿಂದ ಕೈಗೆಟುಕುವ ಸೂರಿನಲ್ಲಿ ಒಡೆದ ಹಂಚೊಂದನ್ನು ತೆಗೆದು ಬೇರೊಂದನ್ನು ಕೂಡಿಸುವುದು ಕಷ್ಟವಲ್ಲ. ಪಾಚಿ ಕಟ್ಟಿದ ಮಾಡಿನ ಮೇಲೆ ಏರುವುದಾಗಲಿ, ಕೊಳೆತ ಪಕ್ಕಾಸು ರೀಪುಗಳನ್ನು ಬದಲಿಸುವುದಾಗಲಿ ಗೃಹಸ್ಥನ ಕೆಲಸವಲ್ಲ. ಕಾಲವನ್ನೂ ಗಣಿಸಬೇಕು. ಇಡವಪ್ಪಾದಿಯ ಮಳೆ ಜೂನ್ ಆದಿಯಲ್ಲಿ ಬರುತ್ತದೆ. ತುಲಾವರ್ಷ ಅಕ್ಟೋಬರ್, ನವೆಂಬರುಗಳಲ್ಲಿ. ಜನವರಿಯಿಂದ ಮೇ ಕೊನೆಯವರೆಗೆ ಉದ್ಯೋಗಸ್ಥನಿಗೆ ಸಿಗುವುದು ಇಪ್ಪತ್ತೊಂದು, ಇಪ್ಪತ್ತೆರಡು ಭಾನುವಾರಗಳು. ಅವುಗಳಲ್ಲಿಯೂ ಬೇಸಗೆಯ ಮಳೆ ಕೆಲವನ್ನು ಕಸಿಯುತ್ತದೆ. ಬಿಚ್ಚಿದ ಮಾಡು ಮುಂದಿನ ಭಾನುವಾರಕ್ಕಾಗಿ ಕಾಯಲಾರದು.

ಎರಡನೆಯದು ಗೋಡೆ. ಇಲ್ಲಿಯ ಹಳೆಯ ಗೋಡೆಗಳು ಬಹುಮಟ್ಟಿಗೆ ಮುರಕಲ್ಲಿನವು. ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಲಬಾರಿನ ಅಂಗಾಡಿಪುರದಲ್ಲಿ ಕಂಡು, 1807ರ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಈ ಕಲ್ಲಿಗೇ. ರಂಧ್ರಮಯವಾದ ಈ ಕಲ್ಲು ತೇವವನ್ನು ಹೀರುತ್ತದೆ, ಹೊರಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ದಾರಿ ಕೊಡುತ್ತದೆ. ಸಿಮೆಂಟಿನ ಗಟ್ಟಿ ಗಾರೆ ದಾರಿಯನ್ನು ಮುಚ್ಚುತ್ತದೆ. ಹಿನ್ನೀರಿಗೆ ಹತ್ತಿರವಾದ ಮಟ್ಟಾಂಚೇರಿ, ಫೋರ್ಟ್ ಕೊಚ್ಚಿಗಳಲ್ಲಿ ಒಳಗುಳಿದ ತೇವವು ಉಪ್ಪಿನೊಡನೆ ಸೇರಿ ಗಾರೆಯನ್ನು ಹೊಪ್ಪಳೆಯಾಗಿ ಎಬ್ಬಿಸುತ್ತದೆ, ಕಲ್ಲನ್ನೂ ಸವೆಸುತ್ತದೆ. ಆದುದರಿಂದ ಇಲ್ಲಿ ಕೂಲಿ ಕೊಟ್ಟು ಕರೆದ ಮಾತ್ರಕ್ಕೆ ಸಮಸ್ಯೆ ತೀರದು. ಸಿಮೆಂಟು ಬಲ್ಲವನನ್ನಲ್ಲ, ಸುಣ್ಣ ಬಲ್ಲವನನ್ನು ಹುಡುಕಬೇಕು. ಅಂಥವನು ಸಿಗುವವರೆಗೆ ಗೋಡೆಯನ್ನು ಮುಟ್ಟದಿರುವುದೇ ಲೇಸು. ಕೋಣೆ ವಿಸ್ತಾರವಾಗಲೆಂದು ಗೋಡೆಯೊಂದನ್ನು ಕೆಡಹುವ ಮುನ್ನ, ಮೇಲಿನ ಭಾರ ಅದರ ಮೇಲೆ ನಿಂತಿದೆಯೇ ಎಂಬುದನ್ನು ಎಂಜಿನಿಯರರಿಂದಲೇ ತಿಳಿಯಬೇಕು. ಒಳಗೋಡೆಗೆ ಬಣ್ಣ ಬಳಿಯುವುದು, ನಲ್ಲಿಯ ವಾಷರ್ ಬದಲಿಸುವುದು, ಬಾಗಿಲಿನ ತಿರುಗಣಿ ಬಿಗಿಯುವುದು, ಕಪಾಟು ಜೋಡಿಸುವುದು ಇವೆಲ್ಲ ನಿಸ್ಸಂದೇಹವಾಗಿ ಸ್ವಹಸ್ತದ ಕೆಲಸಗಳು.

ಕೆಲಸವನ್ನು ಒಪ್ಪಿಸಿದ ಮೇಲೆ ಗೃಹಸ್ಥನ ಹೊಣೆ ಮುಗಿಯಿತೆಂದು ತಿಳಿಯಬಾರದು. ಮಯಮತವೇ ಮೊದಲಾದ ವಾಸ್ತುಗ್ರಂಥಗಳು ಸ್ಥಪತಿ, ಸೂತ್ರಗ್ರಾಹಿ, ತಕ್ಷಕ, ವರ್ಧಕಿ ಎಂದು ನಾಲ್ವರು ಶಿಲ್ಪಿಗಳನ್ನು ಹೇಳುತ್ತವೆ. ಯಜಮಾನನು ಐದನೆಯ ಶಿಲ್ಪಿಯಲ್ಲ. ಆದರೆ ಕೆಲಸವೆಲ್ಲವೂ ಯಾರ ಪ್ರಯೋಜನಕ್ಕಾಗಿಯೋ ಅವನು. ತನಗೆ ಬೇಕಾದುದೇನೆಂದು ನಿಶ್ಚಯಿಸಿ, ನಿಂತು ನೋಡಿ, ಕೇಳಿ ತಿಳಿಯುವುದು ಅವನ ಪಾಲಿನ ಕೆಲಸ. ತಿರುವನಂತಪುರದಲ್ಲಿ ಇದರ ಬೆಲೆಯನ್ನು ತೋರಿಸಿಕೊಟ್ಟವರು ವಾಸ್ತುಶಿಲ್ಪಿ ಲಾರಿ ಬೇಕರ್ (1917-2007). ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಡುವ 'ಇಲಿಬೋನಿನ ಕಟ್ಟು' ಎಂಬ ವಿಧಾನವನ್ನು ಅವರು ಪ್ರಚುರಪಡಿಸಿದರು. ಅದರಿಂದ ಸುಮಾರು ನಾಲ್ಕನೆಯ ಒಂದು ಪಾಲು ಇಟ್ಟಿಗೆ ಉಳಿಯುತ್ತದೆ. ಈ ಉಳಿತಾಯ ಬಂದುದು ಕೂಲಿಯನ್ನು ಕಡಿದುದರಿಂದಲ್ಲ. ನಕ್ಷೆ ಬರೆಯುವವನೇ ಕಟ್ಟಡದ ಸ್ಥಳದಲ್ಲಿ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಯೋಚಿಸಿದುದರಿಂದ ಬಂದಿತು.

ವ್ಯವಹಾರದ ಕಡೆಗೂ ಒಂದೆರಡು ಮಾತು ಅಗತ್ಯ. ಕೆಲಸದ ಪರಿಮಾಣ ಮೊದಲೇ ಗೊತ್ತಿದ್ದರೆ ಗುತ್ತಿಗೆ ಮೇಲು. ಬಿಚ್ಚಿ ನೋಡಿದ ಹೊರತು ಗೊತ್ತಾಗದ ಹಳೆಯ ಮಾಡು, ಗೋಡೆಗಳಿಗೆ ದಿನಗೂಲಿಯೇ ನ್ಯಾಯವಾದುದು. ಇಲ್ಲವಾದರೆ ಗುತ್ತಿಗೆದಾರನು ತನ್ನ ನಷ್ಟವನ್ನು ಕಾಣದ ಕಡೆಯಲ್ಲಿ ತುಂಬಿಕೊಳ್ಳುವ ಆಸೆಗೆ ಬೀಳುತ್ತಾನೆ. ಏನು, ಎಷ್ಟು, ಯಾವ ಸಾಮಗ್ರಿ ಎಂಬುದು ಬರಹದಲ್ಲಿರಬೇಕು. ಮಾಡಿನ ಕೆಲಸದಲ್ಲಿ ಸ್ವಲ್ಪ ಹಣವನ್ನು ಮೊದಲ ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಒಪ್ಪಿಸಿಕೊಳ್ಳಬಹುದು. ಸಾಮಾನು ಇಳಿಸುವ ಸಂದರ್ಭದಲ್ಲಿ, ಕೆಲಸ ಮಾಡದೆ ನೋಡುತ್ತ ನಿಂತದ್ದಕ್ಕೆ ಕೇಳುವ 'ನೋಕ್ಕುಕೂಲಿ'ಯನ್ನು ಕೇರಳ ಸರ್ಕಾರವು 2018ರ ಮೇ 1ರಿಂದ ರದ್ದುಮಾಡಿದೆಯೆಂಬುದನ್ನೂ ತಿಳಿದಿರಬೇಕು. ಆದರೆ ನಿಜವಾಗಿ ದುಡಿದವನ ಕೂಲಿಯಲ್ಲಿ ಚೌಕಾಸಿ ಸಲ್ಲದು. ನಮ್ಮ ಮಾಡಿನಿಂದ ನಾವು ಬೀಳಬಾರದೆಂದು ಇನ್ನೊಬ್ಬನನ್ನು ಏರಿಸಿದಾಗ, ಅವನು ಬೀಳದಂತೆ ಹಗ್ಗ, ಗಟ್ಟಿಯಾದ ಏಣಿ, ಒಣಗಿದ ದಿನ ಇವುಗಳನ್ನು ಒದಗಿಸುವುದು ನಮ್ಮ ಕರ್ತವ್ಯ. ಅಪಾಯವನ್ನು ಕೂಲಿಯೊಡನೆ ಅವನಿಗೆ ಮಾರಿದೆವೆಂದು ಭಾವಿಸುವುದು ಧರ್ಮವಲ್ಲ.

ಆದಕಾರಣ ಉಪಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಗೃಹಸ್ಥನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಈ ಕೆಲಸದಿಂದ ಮನೆಯ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗುವುದೇ? ತಪ್ಪಾದರೆ ನನಗೆ ಇಂದೇ ಕಾಣುವುದೇ? ಕಂಡರೆ ನಾನೇ ಹಿಂದಿನಂತೆ ಮಾಡಬಲ್ಲೆನೇ? ಮೊದಲನೆಯದಕ್ಕೆ ಇಲ್ಲವೆಂದೂ ಉಳಿದೆರಡಕ್ಕೆ ಹೌದೆಂದೂ ಉತ್ತರ ಬಂದರೆ ಧಾರಾಳವಾಗಿ ತೊಡಗಬಹುದು. ಬಾರದಿದ್ದರೆ ಬಲ್ಲವನನ್ನು ಕರೆಯುವುದು ಲೇಸು. ಅದಕ್ಕೆ ಕೊಟ್ಟ ಕೂಲಿಯನ್ನು ನಷ್ಟದ ಬಾಬಿಗೆ ಬರೆಯಬೇಕಾದುದಿಲ್ಲ.