ರಾಜಕುಮಾರಿ ಇದ್ದರೆ ಮಕ್ಕಳ ಸಿನಿಮಾ ಆಗುತ್ತದೆಯೇ?

ದಸರಾ ರಜೆಯ ಒಂದು ಸಂಜೆ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಓಡುತ್ತಿದ್ದುದು ‘ಎನ್‌ಚಾಂಟೆಡ್’, 2007ರಲ್ಲಿ ಬಂದ ಡಿಸ್ನಿ ಸಿನಿಮಾ. ಕಾರ್ಟೂನ್ ಲೋಕದ ಗಿಸೆಲ್ ಎಂಬ ಹುಡುಗಿಯನ್ನು ದುಷ್ಟ ರಾಣಿ ನೀರಿಗೆ ನೂಕುತ್ತಾಳೆ; ಹುಡುಗಿ ಮೇಲೆದ್ದು ಬರುವುದು ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನ ಒಂದು ಮ್ಯಾನ್‌ಹೋಲಿನಿಂದ, ಮೂಳೆ ಮಾಂಸದ ಮನುಷ್ಯಳಾಗಿ. ಕೊನೆಯ ಭಾಗದಲ್ಲಿ ವಿಷದ ಸೇಬು ತಿಂದ ಗಿಸೆಲ್ ಉಸಿರಿಲ್ಲದಂತೆ ಮಲಗಿದ್ದಾಳೆ. ನಾಯಕ ಅವಳ ಮುಖದತ್ತ ಬಾಗಿದ. ಅಷ್ಟರಲ್ಲಿ ಅಮ್ಮ, “ಪುಟ್ಟೀ, ಒಳಗೆ ಹೋಗಿ ಒಂದು ಲೋಟ ನೀರು ತಗೊಂಡು ಬಾ ಕಂದ” ಅಂದರು. ಐದು ವರ್ಷದ ಅಕ್ಕನ ಮಗಳು ಎದ್ದು ಹೋದಳು.

ತುಂಬಿದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಅವಳು ಹಾಲಿನ ಬಾಗಿಲಿಗೆ ಬರುವ ಹೊತ್ತಿಗೆ ಮುತ್ತು ಮುಗಿದಿತ್ತು. ರಾಣಿ ಡ್ರ್ಯಾಗನ್ ಆಗಿ ಬದಲಾಗುತ್ತಿದ್ದಳು. ಲೋಟ ಕೈಜಾರಿತು. ಆ ರಾತ್ರಿ ನನ್ನ ಪಕ್ಕ ಮಲಗಿದವಳು ನಿದ್ದೆ ಬಾರದೆ ಕೇಳಿದಳು: “ಅವಳು ಸತ್ತು ಹೋಗಿದ್ದಳಲ್ಲ ಚಿಕ್ಕಮ್ಮಾ, ಮತ್ತೆ ಹೇಗೆ ಎದ್ದಳು?”

ಕಥೆಯಲ್ಲಿ ಪ್ರಾಣ ಮರಳಿ ಬಂದ ಒಂದೇ ಒಂದು ಗಳಿಗೆಯನ್ನು ನಾವು ಅವಳಿಂದ ಮುಚ್ಚಿಟ್ಟಿದ್ದೆವು. ಹೆದರಿಸುವುದನ್ನು ಮಾತ್ರ ಪೂರ್ತಿ ತೋರಿಸಿದ್ದೆವು. ಅಮ್ಮ ಮಾಡಿದ್ದು ಪ್ರೀತಿಯಿಂದಲೇ. ನಾನೂ ಅದನ್ನೇ ಮಾಡುತ್ತಿದ್ದೆನೇನೋ. ಇಂಥ ಸಿನಿಮಾಗಳ ಬಗ್ಗೆ ನಮ್ಮ ಮನೆಗಳಲ್ಲಿ ಬೇರೂರಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ತೆಗೆದು ನೋಡಬೇಕು ಅನ್ನಿಸಿದ್ದು ಆ ರಾತ್ರಿ.

ತಪ್ಪು ಕಲ್ಪನೆ: ಅಪಾಯ ಇರುವುದು ಮುತ್ತಿನಲ್ಲಿ

ಐದಾರು ವರ್ಷದ ಮಗುವಿಗೆ ಮುತ್ತು ಅಂದರೆ ಅಮ್ಮ ಕೊಡುವ ಮುತ್ತು. ಪರದೆಯ ಮೇಲೆ ಕಂಡರೆ ‘ಅಯ್ಯೇ’ ಎಂದು ಮುಖ ಸಿಂಡರಿಸಿ ಮುಂದಕ್ಕೆ ಹೋಗುತ್ತದೆ. ಮುಜುಗರ ನಮ್ಮದು. ಆ ವಯಸ್ಸಿನ ಮಗುವನ್ನು ನಡುಗಿಸುವುದು ಬೇರೆಯೇ: ವಿಕಾರವಾದ ಮುಖ, ಕರ್ಕಶ ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣೆದುರೇ ಒಬ್ಬರು ಇನ್ನೊಂದಾಗಿ ಬದಲಾಗುವುದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೊವಾನ್ ಕ್ಯಾಂಟರ್ ಮಕ್ಕಳ ಭಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರು ಗಮನಿಸಿದ ಒಂದು ಉದಾಹರಣೆ ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಎಂಬ ಟಿವಿ ಧಾರಾವಾಹಿ. ಹಲ್ಕ್ ಒಳ್ಳೆಯವನು, ಕಷ್ಟದಲ್ಲಿರುವವರನ್ನು ಕಾಪಾಡುವವನು. ಆದರೂ ಶಾಲೆಗೆ ಹೋಗದ ಪುಟ್ಟ ಮಕ್ಕಳು ಹೆದರಿದ್ದು ಅವನಿಗೇ; ಸಾಧಾರಣ ಮನುಷ್ಯ ಹಸಿರು ದೈತ್ಯನಾಗುವ ಆ ಗಳಿಗೆಯಲ್ಲೇ. ದೊಡ್ಡ ಮಕ್ಕಳಿಗೆ ಅವನು ಯಾರ ಪಕ್ಷ ಎಂಬುದು ಗೊತ್ತಿರುತ್ತದೆ, ಚಿಕ್ಕವರಿಗೆ ಕಣ್ಣಿಗೆ ಕಂಡಿದ್ದೇ ಸತ್ಯ. ನಮ್ಮ ಪುಟ್ಟಿಯ ಕೈಯಿಂದ ಲೋಟ ಜಾರಿದ್ದೂ ಇದೇ ಕಾರಣಕ್ಕೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ತಪ್ಪೂ ಇದೆ. ಹೆದರಿದ ಮಗುವಿಗೆ ನಾವು “ಅದು ನಿಜ ಅಲ್ಲ ಪುಟ್ಟಾ, ಬರೀ ಸಿನಿಮಾ” ಅನ್ನುತ್ತೇವೆ. ಎಂಟೊಂಬತ್ತು ವರ್ಷದವರಿಗೆ ಆ ಮಾತು ನೆರವಾಗುತ್ತದೆ. ನಾಲ್ಕೈದು ವರ್ಷದವರಿಗೆ ಮಾತಿನ ಸಮಾಧಾನ ಅಷ್ಟಾಗಿ ಹಿಡಿಸುವುದಿಲ್ಲ. ತೊಡೆ ಬೇಕು, ಹೊದಿಕೆ ಬೇಕು, ಕುಡಿಯಲು ಏನಾದರೂ ಬೇಕು. ಟಿವಿ ಆರಿಸಿ ಎತ್ತಿಕೊಂಡರೆ ಸಾಕು.

ಅಮೆರಿಕದಲ್ಲೂ ದೊಡ್ಡವರ ಚಿಂತೆ ಹರಿಯುವುದು ಮೈಯತ್ತಲೇ. 1984ರ ‘ಸ್ಪ್ಲಾಷ್’ ಮತ್ಸ್ಯಕನ್ಯೆಯೊಬ್ಬಳ ಪ್ರೇಮಹಾಸ್ಯ. ಟಾಮ್ ಹ್ಯಾಂಕ್ಸ್, ಡ್ಯಾರಿಲ್ ಹ್ಯಾನಾ ನಟಿಸಿದ್ದು. 2020ರಲ್ಲಿ ಅದು ಡಿಸ್ನಿಯ ಒಟಿಟಿಯಲ್ಲಿ ಕಾಣಿಸಿಕೊಂಡಾಗ ಅವಳು ಸಮುದ್ರಕ್ಕೆ ಓಡುವ ದೃಶ್ಯದಲ್ಲಿ ಬೆನ್ನ ಹಿಂದಿನ ಕೂದಲನ್ನು ಕಂಪ್ಯೂಟರಿನಲ್ಲಿ ಉದ್ದ ಮಾಡಿ ಮೈ ಮುಚ್ಚಿದ್ದರು. ಅದೇ ಸಿನಿಮಾದಲ್ಲಿ ಅವಳನ್ನು ಹಿಡಿದು ತಂದು ತೊಟ್ಟಿಯಲ್ಲಿ ಕೂಡಿಹಾಕಿ ವಿಜ್ಞಾನಿಗಳು ಪರೀಕ್ಷೆ ಮಾಡುತ್ತಾರೆ. ಮಗುವಿನ ಎದೆಯಲ್ಲಿ ಉಳಿಯುವುದು ಆ ತೊಟ್ಟಿ. ಅದಕ್ಕೆ ಯಾವ ಕೂದಲೂ ಅಡ್ಡ ಬರುವುದಿಲ್ಲ.

ತಪ್ಪು ಕಲ್ಪನೆ: ಅಜ್ಜಿಕಥೆ ಎಂದಮೇಲೆ ಮಕ್ಕಳಿಗಾಗಿಯೇ ಹುಟ್ಟಿದ್ದು

ಜರ್ಮನಿಯ ಗ್ರಿಮ್ ಸಹೋದರರು ಜನಪದ ಕಥೆಗಳ ಮೊದಲ ಸಂಪುಟ ತಂದದ್ದು 1812ರಲ್ಲಿ. ಅದರಲ್ಲಿ ಹಿಮಬಿಳುಪಿನ ಹುಡುಗಿಯನ್ನು ಕೊಲ್ಲಿಸಲು ಹೊರಟವಳು ಮಲತಾಯಿ ಅಲ್ಲ, ಹೆತ್ತ ತಾಯಿ. 1819ರ ಆವೃತ್ತಿಯಲ್ಲಿ ಅವಳನ್ನು ಮಲತಾಯಿ ಮಾಡಿದರು. ಕೊನೆಯಲ್ಲಿ ಆ ರಾಣಿ ಕೆಂಪಗೆ ಕಾದ ಕಬ್ಬಿಣದ ಪಾದರಕ್ಷೆ ತೊಟ್ಟು ಸಾಯುವ ತನಕ ಕುಣಿಯಬೇಕು. ಸಿಂಡರೆಲಾ ಕಥೆಯಲ್ಲಿ ಅಕ್ಕಂದಿರು ಪಾದರಕ್ಷೆಗೆ ಹೊಂದಿಸಲು ಒಬ್ಬಳು ಬೆರಳು, ಇನ್ನೊಬ್ಬಳು ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಇದು ಮಕ್ಕಳಿಗೆ ತಕ್ಕದ್ದಲ್ಲ ಎಂಬ ಆಕ್ಷೇಪ ಆಗಲೇ ಎದ್ದಿತ್ತು. 1825ರಲ್ಲಿ ಐವತ್ತು ಕಥೆಗಳನ್ನು ಆರಿಸಿ ಪುಟ್ಟ ಆವೃತ್ತಿಯೊಂದನ್ನು ಪ್ರತ್ಯೇಕವಾಗಿ ತರಬೇಕಾಯಿತು.

ನಮ್ಮಲ್ಲೂ ಹಾಗೆಯೇ. ಎ. ಕೆ. ರಾಮಾನುಜನ್ ಅವರು ಕನ್ನಡದ ಸಿಂಡರೆಲಾ ಎಂದು ಗುರುತಿಸಿ ಬರೆದ ‘ಹಂಚಿ’ಯ ಕಥೆಯಲ್ಲಿ ಹುಡುಗಿ ಮುಖಕ್ಕೆ ಮಣ್ಣಿನ ಮುಖವಾಡ ತೊಟ್ಟು ಮನೆ ಬಿಡುತ್ತಾಳೆ. ಯಾಕೆ? ಅವಳ ಹೊನ್ನಿನ ಕೂದಲು ಕಂಡು ಒಡಹುಟ್ಟಿದ ಅಣ್ಣನೇ ಮೋಹಗೊಂಡಿದ್ದಾನೆ. ಇಂಥ ಕಥೆಗಳನ್ನು ಅಂಗಳದಲ್ಲಿ, ಕೆಲಸದ ನಡುವೆ ದೊಡ್ಡವರು ದೊಡ್ಡವರಿಗೇ ಹೇಳಿಕೊಂಡರು. ಮಕ್ಕಳು ಪಕ್ಕದಲ್ಲಿದ್ದರೆ ಹೇಳುವವಳು ಅವರ ಮುಖ ನೋಡಿ ಒಂದಿಷ್ಟು ಹಾರಿಸುತ್ತಿದ್ದಳು, ಇನ್ನೊಂದಿಷ್ಟನ್ನು ಮೆತ್ತಗೆ ಮಾಡುತ್ತಿದ್ದಳು. ಸಿನಿಮಾಕ್ಕೆ ಆ ಕಣ್ಣಿಲ್ಲ. ಎದುರಿಗೆ ಕೂತವರು ಐದು ವರ್ಷದವರೋ ಐವತ್ತು ವರ್ಷದವರೋ, ಅದು ಒಂದೇ ಸಮ ಓಡುತ್ತದೆ. ಮುಖ ನೋಡುವ ಕೆಲಸ ಪಕ್ಕದಲ್ಲಿ ಕೂತ ನಮ್ಮದು.

ತಪ್ಪು ಕಲ್ಪನೆ: ಸರ್ಟಿಫಿಕೇಟ್ ಇದೆ, ಡಿಸ್ನಿ ಹೆಸರಿದೆ, ಇನ್ನೇನು ಚಿಂತೆ

ಅಮೆರಿಕದಲ್ಲಿ ‘ಎನ್‌ಚಾಂಟೆಡ್’ಗೆ ಸಿಕ್ಕಿದ್ದು ಪಿಜಿ. ಅಂದರೆ ಪೋಷಕರೇ ನೋಡಿ ತೀರ್ಮಾನಿಸಿ ಎಂದರ್ಥ, ಒಪ್ಪಿಗೆಯ ಮುದ್ರೆ ಅಲ್ಲ. ಅಲ್ಲಿನ ಪದ್ಧತಿ 1968ರಲ್ಲಿ ಶುರುವಾಯಿತು. ಪಿಜಿ ಎಂದು ಬಂದ ಒಂದೆರಡು ಸಿನಿಮಾಗಳಿಗೆ ಮಕ್ಕಳು ಹೆದರಿದ ಗಲಾಟೆಯಿಂದಾಗಿ 1984ರಲ್ಲಿ ಪಿಜಿ-13 ಎಂಬ ಹೊಸ ಮೆಟ್ಟಿಲು ಸೇರಿಸಿದರು. ದೇಶದಿಂದ ದೇಶಕ್ಕೂ ಅಳತೆ ಬೇರೆ. 2007ರದೇ ‘ಸ್ಟಾರ್‌ಡಸ್ಟ್’ ಅಮೆರಿಕದಲ್ಲಿ ಪಿಜಿ-13, ಬ್ರಿಟನ್ನಿನಲ್ಲಿ ಬರೀ ಪಿಜಿ. ನಕ್ಷತ್ರವೊಂದು ಹುಡುಗಿಯಾಗಿ ಭೂಮಿಗೆ ಬೀಳುವ ಆ ಕಥೆಯಲ್ಲಿ ಮಾಟಗಾತಿಯರು ಅವಳ ಹೃದಯ ಕಿತ್ತು ತಿನ್ನಲು ಚಾಕು ಹಿಡಿದು ಕಾಯುತ್ತಾರೆ, ರಾಜಕುಮಾರರು ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಾರೆ.

ನಮ್ಮಲ್ಲಿ ಯು/ಎ ಅನ್ನುವುದೂ ಹೀಗೆಯೇ, ತೀರ್ಮಾನವನ್ನು ನಮ್ಮ ಕೈಗೇ ಬಿಡುತ್ತದೆ. 2024ರಿಂದ ಸೆನ್ಸಾರ್ ಮಂಡಳಿ ಅದನ್ನು 7+, 13+, 16+ ಎಂದು ಮೂರಾಗಿ ಒಡೆದಿದೆ, ಒಳ್ಳೆಯದೇ. ಆದರೆ ಮನೆಯಲ್ಲಿ ನಾವು ಹೆಚ್ಚಾಗಿ ನೋಡುವುದು ಒಟಿಟಿಯಲ್ಲಿ. ಅಲ್ಲಿ ಕಾಣುವ ವಯಸ್ಸಿನ ಗುರುತನ್ನು 2021ರ ನಿಯಮದ ಪ್ರಕಾರ ಹಾಕಿಕೊಳ್ಳುವುದು ಆ ವೇದಿಕೆಯೇ. 13+ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ ಬೀಗ ಹಾಕುವ ಸೌಲಭ್ಯವನ್ನೂ ಅದು ಕೊಡಬೇಕು. ನಮ್ಮ ಮನೆಗಳಲ್ಲಿ ಅದನ್ನು ಬಳಸುವವರು ಕಡಿಮೆ.

ಡಿಸ್ನಿ ಹೆಸರಿನ ಭರವಸೆಯೂ ಅಷ್ಟೇ. ದೊಡ್ಡವರ ಸಿನಿಮಾಗಳಿಗೆಂದೇ ಆ ಕಂಪನಿ 1984ರಲ್ಲಿ ಟಚ್‌ಸ್ಟೋನ್ ಎಂಬ ಬೇರೆ ಹೆಸರು ಇಟ್ಟುಕೊಂಡಿತು. ‘ಸ್ಪ್ಲಾಷ್’ ಅದರ ಮೊದಲ ಚಿತ್ರ. 1990ರಲ್ಲಿ ಅದೇ ಹೆಸರಿನಲ್ಲಿ ಬಂದ ‘ಪ್ರೆಟಿ ವುಮನ್’ ಅನ್ನು ಇಂದಿಗೂ ಸಿಂಡರೆಲಾ ಕಥೆ ಎಂದು ಕರೆಯುತ್ತಾರೆ. ನಾಯಕಿ ಹಾಲಿವುಡ್ ಬೀದಿಯಲ್ಲಿ ಮೈ ಮಾರುವವಳು. ಅಲ್ಲಿ ಅದಕ್ಕೆ ಸಿಕ್ಕಿದ್ದು ಆರ್ ರೇಟಿಂಗ್, ಹದಿನೇಳು ತುಂಬದವರು ದೊಡ್ಡವರ ಜೊತೆಯಿಲ್ಲದೆ ಹೋಗುವಂತಿಲ್ಲ. ‘ಸಿಂಡರೆಲಾ’ ಎಂಬ ಒಂದು ಪದ ಕೇಳಿ ಮಗುವನ್ನು ಕೂರಿಸಿದರೆ ತಪ್ಪು ಯಾರದು?

ತಪ್ಪು ಕಲ್ಪನೆ: ನಗಿಸುವ ಸಿನಿಮಾ ಹೆದರಿಸುವುದಿಲ್ಲ

‘ಎನ್‌ಚಾಂಟೆಡ್’ನಲ್ಲಿ ಗಿಸೆಲ್ ಕಿಟಕಿ ತೆರೆದು ಹಾಡಿದರೆ ಕಾಡಿನ ಜಿಂಕೆ ಮೊಲಗಳ ಬದಲು ನ್ಯೂಯಾರ್ಕಿನ ಇಲಿ, ಪಾರಿವಾಳ, ಜಿರಳೆಗಳು ಬಂದು ಮನೆ ತೊಳೆಯುತ್ತವೆ. ಹಳೆಯ ಡಿಸ್ನಿ ಕಾರ್ಟೂನ್ ನೋಡಿದ್ದ ನಾವು ಬಿದ್ದು ಬಿದ್ದು ನಕ್ಕೆವು. ಪುಟ್ಟಿ ನಗಲಿಲ್ಲ, ಸ್ನಾನದ ತೊಟ್ಟಿ ಉಜ್ಜುವ ಜಿರಳೆಗಳನ್ನು ಕಣ್ಣರಳಿಸಿ ನೋಡಿದಳು. ಅಣಕ ಅರ್ಥವಾಗಬೇಕಾದರೆ ಮೂಲ ಗೊತ್ತಿರಬೇಕು, ಹೇಳುವುದೊಂದು ಸೂಚಿಸುವುದೊಂದು ಎಂಬುದು ತಿಳಿಯಬೇಕು. ಆರೇಳು ವರ್ಷದ ಆಚೆಗೆ ಅದು ನಿಧಾನವಾಗಿ ಬರುವ ಅರಿವು. ಅಲ್ಲಿಯ ತನಕ ಹಾಸ್ಯದ ಸಿನಿಮಾ ಮಗುವಿನ ಪಾಲಿಗೆ ಹಾಸ್ಯವೇ ಅಲ್ಲ, ನೇರ ಕಥೆ.

ಇದೇ ಕಾರಣಕ್ಕೆ ‘ದಿ ಪ್ರಿನ್ಸೆಸ್ ಬ್ರೈಡ್’ ಅನ್ನು ಪುಟಾಣಿಗಳಿಗೆ ತೋರಿಸುವವರನ್ನು ನಾನು ತಡೆಯುತ್ತೇನೆ, ನನ್ನ ಅಚ್ಚುಮೆಚ್ಚಿನ ಚಿತ್ರವಾದರೂ. ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಬರೆದ ಕಾದಂಬರಿ, 1987ರಲ್ಲಿ ರಾಬ್ ರೈನರ್ ನಿರ್ದೇಶಿಸಿದ ಸಿನಿಮಾ. ಅದರಲ್ಲಿ ಆಯುಸ್ಸನ್ನೇ ಹೀರುವ ಯಂತ್ರಕ್ಕೆ ನಾಯಕನನ್ನು ಕಟ್ಟಿ ಹಿಂಸಿಸುವ ದೃಶ್ಯವಿದೆ. ರಾಜಕುಮಾರಿ ತನ್ನ ಎದೆಗೆ ತಾನೇ ಕತ್ತಿ ಹಿಡಿದುಕೊಳ್ಳುವ ದೃಶ್ಯವಿದೆ. ಎಂಟೊಂಬತ್ತು ವರ್ಷಕ್ಕೆ ಆ ಚಿತ್ರ ಹಬ್ಬ, ಐದಕ್ಕೆ ಭಾರ.

ಆದರೆ ಮಕ್ಕಳ ಜೊತೆ ಕೂತು ಕಥೆ ನೋಡುವುದು ಹೇಗೆ ಎಂದು ಕಲಿಸುವ ಸಿನಿಮಾ ಕೂಡ ಅದೇ. ಜ್ವರ ಬಂದು ಮಲಗಿದ ಹುಡುಗನಿಗೆ ತಾತ ಪುಸ್ತಕ ಓದುತ್ತಿದ್ದಾನೆ. ಕಿರುಚುವ ಹಾವುಮೀನುಗಳು ರಾಜಕುಮಾರಿಯನ್ನು ಸುತ್ತುವರಿಯುತ್ತವೆ. ತಾತ ಓದು ನಿಲ್ಲಿಸುತ್ತಾನೆ, ಮೊಮ್ಮಗನ ಮುಖ ನೋಡುತ್ತಾನೆ, ಈಗ ಅವಳಿಗೇನೂ ಆಗುವುದಿಲ್ಲ ಎಂದು ಮುಂಚೆಯೇ ಹೇಳಿಬಿಡುತ್ತಾನೆ. ಹುಡುಗ ತಾನು ಹೆದರಲಿಲ್ಲ ಅನ್ನುತ್ತಾನೆ, ಹೊದಿಕೆಯನ್ನು ಮಾತ್ರ ಬಿಗಿಯಾಗಿ ಹಿಡಿದಿರುತ್ತಾನೆ. ಮುತ್ತಿನ ಪ್ರಸಂಗ ಬಂದಾಗೆಲ್ಲ ಬೇಸರಪಟ್ಟುಕೊಂಡ ಅದೇ ಹುಡುಗ ಕೊನೆಗೆ ಪರವಾಗಿಲ್ಲ, ಓದು ಅನ್ನುತ್ತಾನೆ. ತಾತ ಯಾವುದನ್ನೂ ಕದ್ದುಮುಚ್ಚಿ ಹಾರಿಸಲಿಲ್ಲ. ಬೇಕಾದಲ್ಲಿ ನಿಲ್ಲಿಸಿದ, ಮುಂದುವರಿಸಲೇ ಎಂದು ಕೇಳಿದ.

ತಪ್ಪು ಕಲ್ಪನೆ: ಇಂಥ ಕಥೆ ನೋಡಿದ ಹೆಣ್ಣುಮಕ್ಕಳು ರಾಜಕುಮಾರನಿಗೆ ಕಾಯುತ್ತ ಕೂರುತ್ತಾರೆ

ಕೆಲವು ಕಥೆಗಳ ಬಗ್ಗೆ ಈ ಆತಂಕ ಸರಿ, ಎಲ್ಲದರ ಬಗ್ಗೆ ಅಲ್ಲ. ಗಿಸೆಲ್ ಮೊದಲಿಗೆ ನಿನ್ನೆ ಕಂಡವನನ್ನು ಇವತ್ತು ಮದುವೆಯಾಗಲು ಹೊರಟವಳು. ಕೊನೆಯಲ್ಲಿ ಡ್ರ್ಯಾಗನ್ ನಾಯಕನನ್ನು ಹಿಡಿದು ಕಟ್ಟಡದ ತುದಿಗೆ ಏರಿದಾಗ ಕತ್ತಿ ಹಿಡಿದು ಹಿಂದೆ ಹತ್ತುವವಳು ಅವಳೇ. ಗೇಲ್ ಕಾರ್ಸನ್ ಲೆವೀನ್ ಅವರ 1997ರ ಕಾದಂಬರಿ ಆಧರಿಸಿದ ‘ಎಲಾ ಎನ್‌ಚಾಂಟೆಡ್’ 2004ರಲ್ಲಿ ಬಂತು. ಅದರ ನಾಯಕಿಗೆ ಹುಟ್ಟಿದಾಗ ಸಿಕ್ಕ ವರ, ಯಾರು ಏನು ಹೇಳಿದರೂ ಪಾಲಿಸುವುದು. ಆ ವರವೇ ಶಾಪವಾಗುತ್ತದೆ; ಪ್ರೀತಿಸಿದವನನ್ನೇ ಇರಿಯುವ ಆಜ್ಞೆ ಬರುತ್ತದೆ. ಅದನ್ನು ಮುರಿಯುವವಳೂ ಅವಳೇ, ಯಾವ ರಾಜಕುಮಾರನೂ ಅಲ್ಲ. ‘ಹೇಳಿದ ಮಾತು ಕೇಳುವ ಮಗು’ ಎಂದು ಹೊಗಳುವ ನಮ್ಮ ಮನೆಗಳಲ್ಲಿ ಹತ್ತು ವರ್ಷದ ಹುಡುಗ ಹುಡುಗಿಯರಿಬ್ಬರೂ ನೋಡಬೇಕಾದ ಕಥೆ ಇದು.

ನಿಜಕ್ಕೂ ಗಮನಿಸಬೇಕಾದ್ದು ಬೇರೆ. ಬೇಡ ಎಂದವಳ ಬೆನ್ನುಹತ್ತುವುದನ್ನು ಕಥೆ ಪ್ರೀತಿ ಎಂದು ತೋರಿಸುತ್ತಿದೆಯೇ? ಮೋಸ ಮಾಡಿದವನು ಒಂದು ಹಾಡಿನಲ್ಲಿ ಒಳ್ಳೆಯವನಾಗುತ್ತಾನೆಯೇ? ಕಪ್ಪಗಿರುವವರು, ದಪ್ಪಗಿರುವವರು ನಗೆಪಾಟಲಿಗೆ ಮಾತ್ರ ಇದ್ದಾರೆಯೇ? ಒಂದೇ ಒಂದು ಮುತ್ತೂ ಇಲ್ಲದೆ ‘ಯು’ ಸರ್ಟಿಫಿಕೇಟ್ ಪಡೆದ ಚಿತ್ರದಲ್ಲೂ ಇವೆಲ್ಲ ಇರಬಹುದು. ಮಗು ಮನೆಗೆ ಹೊತ್ತು ತರುವುದು ಇವನ್ನೇ.

ಪುಟ್ಟಿಗೆ ಈಗ ಏಳು. ಹೋದ ಬೇಸಿಗೆ ರಜೆಯಲ್ಲಿ ತಾನೇ ಕೇಳಿ ಆ ಸಿನಿಮಾ ಮತ್ತೆ ಹಾಕಿಸಿಕೊಂಡಳು. ಡ್ರ್ಯಾಗನ್ ಬರುವ ಮುಂಚೆ ನಿಲ್ಲಿಸಿ, “ಈಗ ಬರ್ತಾಳೆ, ಆದರೆ ಗೆಲ್ಲೋದು ಗಿಸೆಲ್” ಎಂದು ಹೇಳಿದೆ. “ಗೊತ್ತು, ಹಾಕು” ಅಂದಳು, ನನ್ನ ಕೈ ಹಿಡಿದುಕೊಂಡೇ. ಮುತ್ತಿನ ಹೊತ್ತಿಗೆ ಅಮ್ಮ ಸುಮ್ಮನೆ ಕೂತಿದ್ದರು. ಗಿಸೆಲ್ ಕಣ್ಣು ಬಿಟ್ಟಾಗ ಪುಟ್ಟಿ, “ಓ, ಹೀಗೆ ಎದ್ದಿದ್ದಾ!” ಎಂದಳು.

ಮಗುವಿಗೆ ತೋರಿಸುವ ಮುಂಚೆ ಚಿತ್ರವನ್ನು ನೀವೊಮ್ಮೆ ನೋಡಿ. ಪೂರ್ತಿ ನೋಡಲು ಬಿಡುವಿಲ್ಲದಿದ್ದರೆ ಕೊನೆಯ ಅರ್ಧ ಗಂಟೆಯನ್ನಾದರೂ ನೋಡಿ. ಮಾಟಗಾತಿಯರು ಪೂರ್ಣ ಬಲದಿಂದ ಬರುವುದು ಸಾಮಾನ್ಯವಾಗಿ ಅಲ್ಲೇ. ಆಮೇಲೆ ಮಗುವಿನ ಪಕ್ಕದಲ್ಲಿ ಕೂತು ನೋಡಿ, ರಿಮೋಟ್ ನಿಮ್ಮ ಕೈಯಲ್ಲಿರಲಿ. ನೀರು ಬೇಕಾದರೆ ನೀವೇ ಎದ್ದು ಹೋಗಿ ತನ್ನಿ.