ಹಂದಿಮರಿಗಳ ಭೇದಿ: ಆಹಾರ ಮತ್ತು ದೊಡ್ಡಿಯ ವ್ಯವಸ್ಥೆಯಿಂದ ಅದರ ನಿವಾರಣೆ

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟ್, ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರ ಮೊದಲಾದ ಬಡಾವಣೆಗಳ ಹೋಟೆಲುಗಳಲ್ಲಿಯೂ ಕಲ್ಯಾಣಮಂಟಪಗಳಲ್ಲಿಯೂ ದಿನವಹಿ ಮಿಗುವ ಅನ್ನ, ಸಾರು, ತರಕಾರಿ ಸಿಪ್ಪೆಗಳು ನಗರದ ಹೊರವಲಯದಲ್ಲಿ ಹಂದಿ ಸಾಕುವವರಿಗೆ ಅಲ್ಪ ವೆಚ್ಚದಲ್ಲಿ ದೊರೆಯತಕ್ಕ ಆಹಾರವಾಗಿವೆ. ಬೆಳೆದ ಹಂದಿಯು ಈ ಮುಸುರೆಯನ್ನು ತಿಂದು ಚೆನ್ನಾಗಿ ಕೊಬ್ಬುವುದು ನಿಜ. ಆದರೆ ಆಗತಾನೆ ಹಾಲು ಬಿಡಿಸಿದ ಮರಿಗೆ ಇದನ್ನೇ ಒಮ್ಮೆಗೇ ಹಾಕಿದರೆ, ವಾರದೊಳಗೆ ನೀರಿನಂತಹ ಭೇದಿ ಹತ್ತಿ, ಒಂದೇ ಸೂಲಿನ ಹಲವು ಮರಿಗಳು ಸಾಯುವುದುಂಟು. ಇದನ್ನು ಕೆಲವರು ದೃಷ್ಟಿಯೆಂದೂ ಗಾಳಿಯೆಂದೂ ಎಣಿಸುವರು. ಮತ್ತೆ ಕೆಲವರು ಔಷಧದ ಅಂಗಡಿಗೆ ಓಡುವರು. ರೋಗದ ಮೂಲವು ಬಹುತೇಕ ಆಹಾರದ ಬಾನಿಯಲ್ಲಿಯೂ ದೊಡ್ಡಿಯ ನೆಲದಲ್ಲಿಯೂ ಇರುತ್ತದೆ.

ಹಂದಿಗೆ ದನದಂತೆ ನಾಲ್ಕು ಕೋಣೆಗಳ ಹೊಟ್ಟೆಯಿಲ್ಲ. ಮನುಷ್ಯನಂತೆ ಒಂದೇ ಜಠರ. ಎಳೆಯ ಮರಿಯ ಜಠರದಲ್ಲಿ ಆಮ್ಲವು ಕಡಿಮೆ. ತಾಯಿಯ ಹಾಲಿನ ಸಕ್ಕರೆಯನ್ನು ಕೆಲವು ಹಿತಕರವಾದ ಸೂಕ್ಷ್ಮಜೀವಿಗಳು ಹುಳಿಮಾಡಿ, ಆ ಕೊರತೆಯನ್ನು ತುಂಬುತ್ತವೆ. ಸಣ್ಣ ಕರುಳಿನ ಒಳಮೈಯಲ್ಲಿ ಮಖಮಲ್ಲಿನ ನವಿರಿನಂತಹ ಅತಿ ಸಣ್ಣ ಎಳೆಗಳಿದ್ದು, ಜೀರ್ಣವಾದ ಆಹಾರವನ್ನು ಅವೇ ಹೀರುತ್ತವೆ. ಹಾಲು ತಟ್ಟನೆ ನಿಂತು, ಮರಿಯು ಒಂದೆರಡು ದಿನ ಏನೂ ತಿನ್ನದೆ ಇದ್ದಾಗ ಈ ಎಳೆಗಳು ಸವೆದು ಮೊಟಕಾಗುವುವು. ಬಳಿಕ ಹಸಿವಿನಿಂದ ಗಬಗಬನೆ ತಿಂದದ್ದು ಅರಗದೆ ಕರುಳಿನಲ್ಲಿಯೇ ಕೊಳೆತು, ಇ. ಕೋಲೈ ಮುಂತಾದ ಕೆಟ್ಟ ಕ್ರಿಮಿಗಳಿಗೆ ಆಹಾರವಾಗುತ್ತದೆ. ಭೇದಿಯೆಂಬುದು ಇದರ ಫಲ.

ಆದ್ದರಿಂದ ಎಚ್ಚರವು ಮರಿ ಹುಟ್ಟಿದ ಗಳಿಗೆಯಿಂದಲೇ ಮೊದಲಾಗತಕ್ಕದ್ದು. ಹಂದಿಮರಿಗೆ ಗರ್ಭದಲ್ಲಿ ತಾಯಿಯಿಂದ ರೋಗನಿರೋಧಕ ಅಂಶವು ದೊರೆಯುವುದಿಲ್ಲ; ಅದು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ. ಅದನ್ನು ರಕ್ತಕ್ಕೆ ಸೇರಿಸಿಕೊಳ್ಳುವ ಶಕ್ತಿಯು ಕರುಳಿಗೆ ಸುಮಾರು 24 ಗಂಟೆಗಳವರೆಗೆ ಮಾತ್ರ ಇರುತ್ತದೆ. ಹಸುವಿನ ಗಿಣ್ಣನ್ನು ಮನೆಯವರು ಕಾಯಿಸಿ ಹಂಚಿಕೊಳ್ಳುವುದುಂಟು; ಹಂದಿಯ ಗಿಣ್ಣಿಗೆ ಆ ಭಯವಿಲ್ಲವಾದರೂ, ಬಲವಾದ ಮರಿಗಳು ಬಡಮರಿಗಳನ್ನು ತಳ್ಳಿ ತಾವೇ ಕುಡಿದುಬಿಡುತ್ತವೆ. ಸೂಲಿನ ರಾತ್ರಿ ಒಬ್ಬರು ಹತ್ತಿರವಿದ್ದು ಸಣ್ಣ ಮರಿಗಳನ್ನು ಮೊಲೆಗೆ ಹಿಡಿಯಬೇಕು.

ಹುಟ್ಟಿದ ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು. ತಾಯಿಯ ಹಾಲಿನಲ್ಲಿ ದೊರೆಯುವುದು ಒಂದು ಮಿಲಿಗ್ರಾಂ ಮಾತ್ರ. ಸಿಮೆಂಟು ನೆಲದ ಮೇಲೆ ಹುಟ್ಟಿದ ಮರಿಗಳು ಈ ಕಾರಣದಿಂದ ಬಿಳಿಚಿಕೊಂಡು, ಸೊರಗಿ, ಭೇದಿಗೆ ಸುಲಭವಾಗಿ ತುತ್ತಾಗುತ್ತವೆ. ಮೂರನೆಯ ಅಥವಾ ನಾಲ್ಕನೆಯ ದಿನ ಪಶುವೈದ್ಯರಿಂದ ಕಬ್ಬಿಣದ ಚುಚ್ಚುಮದ್ದು ಹಾಕಿಸುವುದು ಉತ್ತಮ. ಹಂದಿಗಳು ತುಳಿಯದ ಸ್ಥಳದಿಂದ ತಂದ ಕೆಮ್ಮಣ್ಣನ್ನು ಗೂಡಿನ ಮೂಲೆಯಲ್ಲಿಟ್ಟರೆ ಮರಿಗಳು ಮೂತಿಯಿಂದ ಕೆದಕಿ ತಿನ್ನುತ್ತವೆ. ಇದರಿಂದಲೂ ಸ್ವಲ್ಪ ಸಹಾಯವಾಗುತ್ತದೆ.

ಎರಡನೆಯ ವಾರದಿಂದ, ತಾಯಿಯು ನುಗ್ಗಲಾಗದ ಸಣ್ಣ ಕಟಕಟೆಯೊಳಗೆ ಮರಿಗಳಿಗೆ ಬೇರೆ ಆಹಾರವನ್ನು ರೂಢಿಮಾಡಿಸತಕ್ಕದ್ದು. ನುಚ್ಚುಮಾಡಿದ ಮುಸುಕಿನ ಜೋಳ 55 ಭಾಗ, ಕಡಲೆಕಾಯಿ ಹಿಂಡಿ 20, ಗೋಧಿ ಬೂಸಾ 15, ಒಣಮೀನಿನ ಪುಡಿ 8, ಖನಿಜ ಮಿಶ್ರಣ ಒಂದೂವರೆ, ಉಪ್ಪು ಅರ್ಧ ಭಾಗ: ಹೀಗೆ ಬೆರೆಸಿದ ಆಹಾರವು ಮರಿಗಳಿಗೆ ಒಗ್ಗುತ್ತದೆ. ಮೊದಲು ಮುಷ್ಟಿಯಷ್ಟು ಹಾಕಿ, ತಿನ್ನದೆ ಉಳಿದುದನ್ನು ದಿನವೂ ತೆಗೆದು ತಾಯಿಗೆ ಕೊಡಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಅಗ್ಗವೆಂದು ಕೊಳ್ಳಲೇ ಕೂಡದು. ಆ ಬೂಷ್ಟಿನ ವಿಷವು ಯಕೃತ್ತನ್ನು ಕೆಡಿಸುತ್ತದೆ, ಕುದಿಸಿದರೂ ಹೋಗುವುದಿಲ್ಲ. ಎಂಟು ವಾರಗಳಿಗೆ ಹಾಲು ಬಿಡಿಸುವಾಗ ಮರಿಗಳನ್ನು ಹಳೆಯ ಗೂಡಿನಲ್ಲಿಯೇ ಬಿಟ್ಟು ತಾಯಿಯನ್ನು ಬೇರೆಡೆಗೆ ಒಯ್ಯತಕ್ಕದ್ದು. ಮುಂದಿನ ಎರಡು ವಾರ ಅದೇ ಆಹಾರವನ್ನು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಆಮೇಲೆ ಹತ್ತು ದಿನಗಳಲ್ಲಿ ಕ್ರಮಕ್ರಮವಾಗಿ ಮುಸುರೆಗೆ ಹೊಂದಿಸಬಹುದು. ಮಜ್ಜಿಗೆ ಮಿಗುವ ಮನೆಗಳಲ್ಲಿ ಅದನ್ನು ಆಹಾರಕ್ಕೆ ಬೆರೆಸಿದರೆ ಅದರ ಹುಳಿಯು ಜಠರಕ್ಕೆ ಬಲವಾಗುತ್ತದೆ.

ಮುಸುರೆಯ ವಿಷಯದಲ್ಲಿ ಸಡಿಲಿಕೆಗೆ ಎಡೆಯಿಲ್ಲ. ಗಾಜಿನ ಚೂರು, ಪ್ಲಾಸ್ಟಿಕ್, ಮೂಳೆಗಳನ್ನು ಆರಿಸಿ ತೆಗೆದು, ಉಳಿದುದನ್ನು ಚೆನ್ನಾಗಿ ತಿರುವುತ್ತ ಒಂದು ಗಂಟೆ ಪೂರ್ತಿ ಕುದಿಸಬೇಕು. ಆಫ್ರಿಕನ್ ಹಂದಿಜ್ವರವು 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಭಾರತಕ್ಕೆ ಕಾಲಿಟ್ಟು, 2022ರಲ್ಲಿ ನಮ್ಮ ನೆರೆಯ ವಯನಾಡಿನಲ್ಲಿಯೂ ಕಾಣಿಸಿತು. ಹಂದಿಮಾಂಸದ ಚೂರು ಬೆರೆತ ಹಸಿ ಮುಸುರೆಯು ಅದು ಹರಡುವ ಹಾದಿಗಳಲ್ಲೊಂದು. ಹೋಟೆಲಿನ ಸಾರಿನಲ್ಲಿ ಉಪ್ಪು ಹೆಚ್ಚಾದುದರಿಂದ ಶುದ್ಧವಾದ ನೀರು ಹಗಲಿರುಳೂ ಇರತಕ್ಕದ್ದು. ಉಪ್ಪು ತಿಂದು ನೀರು ಸಿಗದ ಹಂದಿಯು ಸುತ್ತಸುತ್ತ ತಿರುಗಿ, ಸೆಟೆದು ಬೀಳುವುದು. ಅದನ್ನು ಹುಚ್ಚೆಂದು ತಿಳಿದವರೂ ಇದ್ದಾರೆ.

ನೆಲವು ಒಣಗಿರಬೇಕು. ಒಂದು ಸೂಲಿನ ಮರಿಗಳು ಹೋದ ಮೇಲೆ ಗೂಡನ್ನು ತೊಳೆದು, ಸುಣ್ಣ ಬಳಿದು, ಒಂದು ವಾರ ಬರಿದಾಗಿ ಬಿಡಬೇಕು. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಮರಿಗಳಿಗೆ ಒಣಹುಲ್ಲಿನ ಹಾಸಿಗೆ ಅವಶ್ಯ. ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ, ಈಯುವ ಎರಡು ವಾರಗಳ ಮುಂಚೆ ತಾಯಿಗೆ ಹುಳುವಿನ ಔಷಧ ಕೊಡಿಸಿ, ಗೂಡಿಗೆ ಬಿಡುವ ದಿನ ಅದರ ಹೊಟ್ಟೆ ಕೆಚ್ಚಲುಗಳನ್ನು ಸಾಬೂನಿನಿಂದ ತೊಳೆಯಬೇಕು.

ಭೇದಿ ಕಂಡ ಮರಿಗೆ ಮೊದಲು ಬೇಕಾದುದು ನೀರು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಆಗಾಗ್ಗೆ ಕುಡಿಸತಕ್ಕದ್ದು. ಮೇವಿನಲ್ಲಿ ಪ್ರತಿಜೀವಕ ಔಷಧವನ್ನು ನಿತ್ಯವೂ ಬೆರೆಸುವ ಚಾಳಿಯು ಸರಿಯಲ್ಲ. ಕ್ರಿಮಿಗಳು ಅದಕ್ಕೆ ಒಗ್ಗಿಹೋಗಿ, ನಾಳೆ ಮನುಷ್ಯರಿಗೂ ಆ ಔಷಧವು ನಾಟದು. ಈ ಕಾರಣದಿಂದಲೇ ಭಾರತ ಸರಕಾರವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಔಷಧವನ್ನು ನಿಷೇಧಿಸಿತು. ಸ್ವೀಡನ್ ದೇಶದಲ್ಲಿ ಬೆಳವಣಿಗೆಗಾಗಿ ಇಂತಹ ಔಷಧ ಬೆರೆಸುವುದನ್ನು 1986ರಲ್ಲಿಯೇ ನಿಲ್ಲಿಸಿದರು. ಮೊದಲು ಅಲ್ಲಿಯೂ ಮರಿಗಳ ಭೇದಿ ಹೆಚ್ಚಿತು. ಆಹಾರವನ್ನೂ ಗೂಡುಗಳನ್ನೂ ತಿದ್ದಿಕೊಂಡ ಮೇಲೆ ಹತೋಟಿಗೆ ಬಂದಿತು.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯವೊಂದಿದೆ. ಚರಂಡಿ, ಬಯಲುಗಳಲ್ಲಿ ಅಲೆಯುವ ಹಂದಿಯು ಮನುಷ್ಯರ ಮಲವನ್ನು ತಿಂದು ಲಾಡಿಹುಳುವಿನ ಮರಿಗಳನ್ನು ಮಾಂಸದಲ್ಲಿ ತುಂಬಿಕೊಳ್ಳುತ್ತದೆ. ಅರೆಬೆಂದ ಆ ಮಾಂಸವನ್ನು ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನ ಮಲದಿಂದ ಹೊರಬಿದ್ದ ಮೊಟ್ಟೆಗಳು ನೀರು ಸೊಪ್ಪುಗಳ ಮೂಲಕ, ಹಂದಿಮಾಂಸವನ್ನು ಮುಟ್ಟದವರ ಹೊಟ್ಟೆಯನ್ನೂ ಸೇರಿ, ಮೆದುಳಿನಲ್ಲಿ ನೆಲೆಸಿ ಮೂರ್ಛೆರೋಗವನ್ನು ಉಂಟುಮಾಡಬಹುದು. ಹಂದಿಗಳನ್ನು ಕಟ್ಟಿನೊಳಗೆ ಸಾಕಿಸುವುದೂ ಮನೆಮನೆಯ ಪಾಯಿಖಾನೆಯನ್ನು ಬಳಕೆಯಲ್ಲಿಡಿಸುವುದೂ ಅವರ ಹೊಣೆ. ದೊಡ್ಡ ಹಂದಿಗಳು ಜ್ವರ ಬಂದು ಒಂದರ ಹಿಂದೊಂದು ಸತ್ತರೆ, ಅಳಿದುಳಿದವನ್ನು ತರಾತುರಿಯಿಂದ ಮಾರಲು ಬಿಡದೆ, ಹೆಣಗಳನ್ನು ಹಳ್ಳಕ್ಕೆಸೆಯಲೂ ಬಿಡದೆ, ಆ ದಿನವೇ ಹತ್ತಿರದ ಪಶುವೈದ್ಯಶಾಲೆಗೆ ವರದಿ ಕಳುಹಿಸತಕ್ಕದ್ದು.